ಕೂಸಿಗಿಂತ ಮುಂಚೆ ಬಂದ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ನಾವು ಆತುರಗಾರರನ್ನು ಗೇಲಿ ಮಾಡಲು ಬಳಸುತ್ತೇವೆ. ಗೇಲಿಯನ್ನು ಬದಿಗಿಟ್ಟು ಅಕ್ಷರಶಃ ಓದಿದರೆ ಅದರೊಳಗೆ ಮಕ್ಕಳ ಬಟ್ಟೆಯ ಬಗ್ಗೆ ಒಂದು ನಿಜವಿದೆ. ಮಗುವಿನ ಬಟ್ಟೆಯನ್ನು ಮಗು ಆರಿಸುವುದಿಲ್ಲ. ಅದರ ಬಣ್ಣ, ಅದರ ಮೇಲಿನ ಹೂವು, ಹುಲಿ, ಕಾರು, ಅಕ್ಷರ ಎಲ್ಲವನ್ನೂ ತಂದೆತಾಯಿ ಆರಿಸುತ್ತಾರೆ. ಆರಿಸುವಾಗ ಅವರ ಕಣ್ಣೆದುರು ಇರುವುದು ಮುಂದೆ ಹೀಗಾಗಲಿ ಎಂದು ಅವರು ಬಯಸಿದ ಒಂದು ಮಗು. ಆ ಅರ್ಥದಲ್ಲಿ ಎಲ್ಲ ಕುಲಾವಿಗಳೂ ಕೂಸಿಗಿಂತ ಮುಂಚೆಯೇ ಬಂದವು.

ಹಾಗಾದರೆ ಮಕ್ಕಳ ಅಂಗಿಯ ಮೇಲಿನ ಚಿತ್ತಾರವನ್ನು ಒಂದು ಬರಹದಂತೆ ಓದಬಹುದು. ಬರೆದವರು ಹೆತ್ತವರು, ಹೊತ್ತು ತಿರುಗುವುದು ಮಗು. ಹೀಗೆ ಓದಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರುಗಳಷ್ಟು ಅನುಕೂಲವಾದ ಜಾಗ ಕಡಿಮೆ. ಮೊಳಕಾಲ್ಮುರು ರೇಷ್ಮೆ ಸೀರೆಯ ಊರು. 2011ರಲ್ಲಿ ಆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಕುರಿ ಉಣ್ಣೆಯ ಕರಿ ಕಂಬಳಿಯ ಊರು. ಎರಡೂ ಕಡೆ ಮಗ್ಗದ ಸದ್ದು ಗೊತ್ತಿರುವ ಜನ ಇದ್ದಾರೆ. ಎರಡೂ ಕಡೆ ಮಕ್ಕಳು ದಿನನಿತ್ಯ ತೊಡುವ ಬಟ್ಟೆ ಹೊರಗಿನಿಂದ ಬರುತ್ತದೆ.

ಚಳ್ಳಕೆರೆಯ ಬಟ್ಟೆ ಅಂಗಡಿಗೆ ಮಗುವಿನ ಬಟ್ಟೆ ಕೊಳ್ಳಲು ಹೋದವರಿಗೆ ಎದುರಾಗುವ ಪ್ರಶ್ನೆಗಳು ಮೂರು. ಗಂಡೋ ಹೆಣ್ಣೋ? ಎಷ್ಟು ವರ್ಷ? ಎಷ್ಟರೊಳಗೆ ತೋರಿಸಲಿ? ಮೊದಲ ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ಅಂಗಡಿ ಎರಡಾಗುತ್ತದೆ. ಒಂದು ಕಡೆ ಸ್ಪೈಡರ್‌ಮ್ಯಾನ್, ಛೋಟಾ ಭೀಮ್, ಬೈಕು, ಡೈನೋಸಾರು, ಸೈನಿಕರ ಹಸಿರು ಕಂದು ಮಚ್ಚೆ. ಇನ್ನೊಂದು ಕಡೆ ಗುಲಾಬಿ ಬಣ್ಣ, ಚಿಟ್ಟೆ, ಬೋ ಕಟ್ಟಿದ ಬೆಕ್ಕು, ಮಿನುಗುವ ಚಮಕಿಯ ಕಿರೀಟ, ‘ಡ್ಯಾಡೀಸ್ ಪ್ರಿನ್ಸೆಸ್’. ನವೆಂಬರ್ ಬಂತೆಂದರೆ ಹಳದಿ ಕೆಂಪು ಅಂಗಿಗಳು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ‘ಅಪ್ಪು’ ಎಂಬ ಕನ್ನಡ ಅಕ್ಷರಗಳ ಅಂಗಿಯೂ ಸೇರಿಕೊಂಡಿತು. ಮಕ್ಕಳ ಅಂಗಿಯ ಮೇಲೆ ಕನ್ನಡ ಲಿಪಿ ಕಾಣುವ ಅಪರೂಪದ ಸಂದರ್ಭಗಳು ಇವೆರಡೇ.

ಇದನ್ನು ನೋಡಿ ಹೇಳುವುದಕ್ಕೆ ಸಿದ್ಧವಾಗಿರುವ ಮಾತೊಂದಿದೆ: ನಮ್ಮ ನವಿಲು ಹೋಯಿತು, ಪರದೇಶದ ಜೇಡ ಬಂತು. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ನಮ್ಮ ನವಿಲು ಯಾವ ಮಗುವಿನ ಮೈಮೇಲಿತ್ತು ಎಂದು ಅದು ಕೇಳಿಕೊಳ್ಳುವುದಿಲ್ಲ.

ಹಿಂದೆ ಕೂಸಿನ ಮೈಮೇಲೆ ಏನಿತ್ತು ಎಂಬುದನ್ನೇ ಮೊದಲು ನೋಡೋಣ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವ ರೂಢಿ ಹೆಚ್ಚಿನ ಮನೆಗಳಲ್ಲಿ ಇರಲಿಲ್ಲ. ಅಜ್ಜಿಯ ಹಳೇ ಸೀರೆಯ ಮೆತ್ತನೆಯ ತುಂಡು ಸುತ್ತುತ್ತಿದ್ದರು. ತಲೆಗೊಂದು ಕುಲಾವಿ, ಸೊಂಟಕ್ಕೆ ಉಡಿದಾರ, ಕೆನ್ನೆಗೋ ಹಣೆಗೋ ಕಾಡಿಗೆಯ ದೃಷ್ಟಿಬೊಟ್ಟು. ಮಗುವಿಗೆಂದೇ ಮೀಸಲಾದ ಚಿತ್ತಾರ ಯಾವುದಾದರೂ ಇದ್ದರೆ ಅದು ಈ ಬೊಟ್ಟು. ಅದು ಬೇಕೆಂದೇ ಇಟ್ಟ ಕಲೆ. ಮಗು ಚೆಂದವಾಗಿಲ್ಲ, ಯಾರೂ ಇದನ್ನು ಗಮನಿಸಬೇಡಿ ಎಂದು ಲೋಕಕ್ಕೆ ಹೇಳುವ ಗುರುತು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಇದು ಇನ್ನೂ ಮುಂದೆ ಹೋಗುತ್ತಿತ್ತು. ಹೊಸ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುವುದು, ನೆರೆಮನೆಗಳಲ್ಲಿ ಬೇಡಿ ತಂದ ಹಳೇ ಬಟ್ಟೆ ತೊಡಿಸುವುದು ಕನ್ನಡ ನಾಡಿನ ಹಲವೆಡೆ ಇದ್ದ ರೂಢಿ. ಚಳ್ಳಕೆರೆ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ ಎಂಬ ಹೆಸರುಗಳು ಇಷ್ಟೊಂದು ಇರುವುದಕ್ಕೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿ ಮುಖ್ಯ ಕಾರಣ. ಆದರೂ ತಿಪ್ಪೆ ಎಂಬ ಶಬ್ದ ಮಗುವನ್ನು ಕಾಯುತ್ತದೆಂಬ ನಂಬಿಕೆಯೂ ಆ ಹೆಸರಿನೊಳಗೆ ಸೇರಿಕೊಂಡಿತ್ತು.

ಈ ರುಚಿಯ ಹಿಂದೆ ಒಂದು ಲೆಕ್ಕವಿತ್ತು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಅಂದರೆ ಎಂಟು ತೊಟ್ಟಿಲಲ್ಲಿ ಒಂದು ಖಾಲಿಯಾಗುತ್ತಿತ್ತು. 2020ರ ಹೊತ್ತಿಗೆ ಈ ಸಂಖ್ಯೆ 28ಕ್ಕೆ ಇಳಿಯಿತು. ಮಗು ಉಳಿಯುತ್ತದೋ ಇಲ್ಲವೋ ಎಂಬ ಭಯದಲ್ಲಿ ಬದುಕಿದವರು ಅದನ್ನು ಹಳೇ ಬಟ್ಟೆಯಲ್ಲಿ ಮುಚ್ಚಿಟ್ಟರು. ಉಳಿಯುತ್ತದೆ ಎಂಬ ಭರವಸೆ ಬಂದವರು ಅದರ ಎದೆಯ ಮೇಲೆ ‘ಸೂಪರ್ ಸ್ಟಾರ್’ ಎಂದು ಬರೆಸಿದರು. ನನ್ನ ಓದಿನ ಪ್ರಕಾರ ನಮ್ಮ ಮಕ್ಕಳ ಬಟ್ಟೆಯಲ್ಲಿ ಆದ ದೊಡ್ಡ ಬದಲಾವಣೆ ಇದು. ಟಿವಿ, ಜಾಹೀರಾತು, ಇಂಗ್ಲಿಷ್ ವ್ಯಾಮೋಹ ಎಲ್ಲವೂ ಇದರ ಮೇಲೆ ಬಂದು ಕೂತವು. ತಳದಲ್ಲಿರುವುದು ಹೆತ್ತವರ ಧೈರ್ಯ.

ಹಾಗೆಂದು ಮಗುವನ್ನು ಹೊಗಳುವ ಆಸೆ ಹಿಂದೆ ಇರಲಿಲ್ಲವೆಂದಲ್ಲ. ಅದಕ್ಕೆ ಜೋಗುಳವಿತ್ತು. ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಸಿರಿಯಜ್ಜಿ ಇದೇ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯವರು. ಜನಪದ ಜೋಗುಳಗಳಲ್ಲಿ ಕೂಸು ರಾಜನಾಗುತ್ತದೆ, ಚಿನ್ನವಾಗುತ್ತದೆ, ತೊಟ್ಟಿಲು ಅರಮನೆಯಾಗುತ್ತದೆ. ಆದರೆ ಜೋಗುಳ ಹಾಡುವುದು ಮನೆಯೊಳಗೆ, ಕತ್ತಲಲ್ಲಿ, ತಾಯಿಯ ದನಿಯಲ್ಲಿ. ಬೆಳಗಾದರೆ ಅದೇ ರಾಜನ ಕೆನ್ನೆಗೆ ಕಾಡಿಗೆ ಮೆತ್ತಿ ಹೊರಗೆ ಕಳಿಸುತ್ತಿದ್ದರು. ಇವತ್ತಿನ ‘ಪ್ರಿನ್ಸ್’, ‘ಪ್ರಿನ್ಸೆಸ್’ ಅಂಗಿಗಳು ಜೋಗುಳದ ಮಾತನ್ನು ಹಗಲಿಗೆ, ಬೀದಿಗೆ ತಂದಿವೆ. ಮಾತು ಹಳೆಯದು, ಜಾಗ ಹೊಸದು. ಈಗಲೂ ಅನೇಕ ಮಕ್ಕಳ ಅಂಗಿಯ ಮೇಲೆ ‘ಪ್ರಿನ್ಸ್’ ಇರುತ್ತದೆ, ಕೆನ್ನೆಯ ಮೇಲೆ ಬೊಟ್ಟೂ ಇರುತ್ತದೆ. ಧೈರ್ಯ ಬಂದಿದೆ, ಭಯ ಪೂರ್ತಿ ಹೋಗಿಲ್ಲ.

ಇನ್ನು ಮೊಳಕಾಲ್ಮುರಿನ ನವಿಲಿನ ವಿಷಯ. ಮೊಳಕಾಲ್ಮುರು ಸೀರೆಯಲ್ಲಿ ಮಾವಿನಕಾಯಿ, ನವಿಲು, ಹೂವು ಹಣ್ಣುಗಳ ಬುಟ್ಟಾ, ಗೋಪುರದ ಆಕಾರದ ಅಂಚು ಇವೆಲ್ಲ ಬರುತ್ತವೆ. ಈ ಚಿತ್ತಾರಗಳನ್ನು ಬಟ್ಟೆಯ ಮೇಲೆ ಬಿಡಿಸುವುದಿಲ್ಲ. ಅವು ಹಾಸು ಹೊಕ್ಕುಗಳ ಲೆಕ್ಕದಲ್ಲಿ ಹುಟ್ಟುತ್ತವೆ. ಮೊದಲು ಚೌಕುಳಿ ಕಾಗದದ ಮೇಲೆ ನವಿಲನ್ನು ಚೌಕಗಳಾಗಿ ಒಡೆಯಬೇಕು. ಯಾವ ಚೌಕದಲ್ಲಿ ಎಳೆ ಮೇಲೆ, ಯಾವುದರಲ್ಲಿ ಕೆಳಗೆ ಎಂಬುದನ್ನು ರಟ್ಟಿನ ಕಾರ್ಡುಗಳಲ್ಲಿ ತೂತಾಗಿ ಕೊರೆಯಬೇಕು. ಜಕಾರ್ಡ್ ಆ ತೂತುಗಳನ್ನು ಓದಿ ಎಳೆ ಎತ್ತುತ್ತದೆ. ಹತ್ತಿರದಿಂದ ನೋಡಿದರೆ ನವಿಲಿನ ಕೊರಳು ಮೆಟ್ಟಿಲು ಮೆಟ್ಟಿಲಾಗಿರುವುದು ಇದೇ ಕಾರಣಕ್ಕೆ. ಹೊಸ ಚಿತ್ತಾರ ಬೇಕೆಂದರೆ ಕಾರ್ಡುಗಳ ಇಡೀ ಸರಣಿಯನ್ನೇ ಹೊಸದಾಗಿ ಮಾಡಿಸಬೇಕು. ಅದಕ್ಕೆ ಹಣ ಬೇಕು, ಮಗ್ಗ ನಿಲ್ಲಬೇಕು. ಆದ್ದರಿಂದ ಒಂದು ನವಿಲು ವರ್ಷಗಟ್ಟಲೆ ನೇಯಿಸಿಕೊಳ್ಳುತ್ತದೆ. ನಾವು ಪರಂಪರೆ ಎಂದು ಕರೆಯುವ ರುಚಿಯಲ್ಲಿ ಒಂದು ಪಾಲು ಈ ಖರ್ಚಿನ ಲೆಕ್ಕವೂ ಹೌದು.

ಆ ನವಿಲು ಮಗುವಿಗೆಂದು ಹುಟ್ಟಿದ್ದಲ್ಲ. ಹೆಣ್ಣುಮಕ್ಕಳ ರೇಷ್ಮೆ ಲಂಗಕ್ಕೆ ಬರುವ ಅಂಚು ಸೀರೆಯ ಅಂಚೇ, ಅಳತೆ ಸಣ್ಣದು ಅಷ್ಟೆ. ಯುರೋಪಿನಲ್ಲಿ ಬಹುಕಾಲ ಮಕ್ಕಳಿಗೆ ಪುಟ್ಟ ದೊಡ್ಡವರಂತೆ ಬಟ್ಟೆ ತೊಡಿಸುತ್ತಿದ್ದರು, ಬಾಲ್ಯವೆಂಬ ಪ್ರತ್ಯೇಕ ಕಲ್ಪನೆ ಮೂಡಿದ ಮೇಲೆ ಪ್ರತ್ಯೇಕ ಉಡುಪು ಬಂತು ಎಂದು ಫ್ರೆಂಚ್ ಇತಿಹಾಸಕಾರ ಫಿಲಿಪ್ ಏರಿಯೆಸ್ 1960ರಲ್ಲಿ ವಾದಿಸಿದ. ಅವನ ವಾದಕ್ಕೆ ಅಲ್ಲಿ ತಕರಾರುಗಳಿವೆ. ಆದರೆ ಮೊಳಕಾಲ್ಮುರಿನ ಲಂಗದ ಮಟ್ಟಿಗೆ ಅದು ಹೊಂದುತ್ತದೆ. ಲಂಗ ಉಟ್ಟ ಹುಡುಗಿ ಮುಂದೆ ಸೀರೆ ಉಡಲಿರುವ ಹೆಂಗಸು. ಅವಳ ಮುಂದಿನ ದಾರಿ ಅಂಚಿನಲ್ಲೇ ನೇಯ್ದಿರುತ್ತದೆ.

ರೇಷ್ಮೆ ಎಲ್ಲ ಹುಡುಗಿಯರಿಗೂ ದಕ್ಕಿದ್ದೂ ಅಲ್ಲ. ನೇಯುವ ಮನೆಯ ಸೀರೆ ಬೇರೆಯವರ ಮದುವೆಗೆ ಹೋಗುತ್ತದೆ. ನೂಲು, ಜರಿ ಕೊಡುವ ವ್ಯಾಪಾರಿಗೆ ನೇಯ್ದು ಕೂಲಿ ಪಡೆಯುವ ನೇಕಾರನ ಮಗ ಮಗ್ಗದ ಪಕ್ಕದಲ್ಲೇ ಆಡಿ ಬೆಳೆದರೂ ನವಿಲನ್ನು ಮುಟ್ಟದಂತೆ ಕೈ ದೂರವಿಟ್ಟುಕೊಂಡೇ ಬೆಳೆಯುತ್ತಾನೆ. ಜಿಡ್ಡು ತಾಗಿದರೆ ಸೀರೆ ಹಾಳು. ಅಂಥ ಹುಡುಗನಿಗೆ ಒಂದು ಅಗ್ಗದ ಅಂಗಿಯ ಮೇಲೆ ಛೋಟಾ ಭೀಮ್ ಸಿಕ್ಕಿತು. 2008ರಲ್ಲಿ ಹೈದರಾಬಾದಿನ ಸ್ಟುಡಿಯೋ ಒಂದು ಟಿವಿಗೆ ತಂದ ಈ ಹುಡುಗ ಧೋತಿ ಉಟ್ಟವನು, ಲಡ್ಡು ತಿನ್ನುವವನು, ಹಳ್ಳಿಯವನು. ಅವನು ದೊಡ್ಡವರ ಚಿತ್ತಾರದ ಸಣ್ಣ ಅಳತೆಯಲ್ಲ. ಮಗುವೇ ಗುರುತು ಹಿಡಿಯುವ, ಮಗುವಿಗೇ ಕಥೆ ಗೊತ್ತಿರುವ ಚಿತ್ರ. ಅಜ್ಜಿಗೆ ಆ ಕಥೆಯನ್ನು ಮೊಮ್ಮಗ ಹೇಳಬೇಕಾಗುತ್ತದೆ. ಇದನ್ನು ಬರೀ ಸಂಸ್ಕೃತಿಯ ನಾಶ ಎಂದು ಕರೆಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಈ ಪ್ರಿಂಟಿನ ಅಂಗಿಗಳ ಲೋಕ ದೂರದ್ದೂ ಅಲ್ಲ. ಮೊಳಕಾಲ್ಮುರಿನ ಪಕ್ಕದಲ್ಲೇ, ಆಂಧ್ರದ ಗಡಿಯಾಚೆ, ಸಿದ್ಧ ಉಡುಪು ಹೊಲಿಯುವ ರಾಯದುರ್ಗವಿದೆ. ಉತ್ತರಕ್ಕೆ ಜೀನ್ಸಿಗೆ ಹೆಸರಾದ ಬಳ್ಳಾರಿ. ಹೆಣೆದ ಬನಿಯನ್ ಬಟ್ಟೆಯ ದೊಡ್ಡ ಕಾರ್ಖಾನೆ ಊರು ತಮಿಳುನಾಡಿನ ತಿರುಪ್ಪೂರು. ಅಚ್ಚಿನಲ್ಲಿ ಚಿತ್ತಾರ ಬದಲಿಸುವ ಖರ್ಚು ಮಗ್ಗಕ್ಕೆ ಹೋಲಿಸಿದರೆ ಏನೂ ಅಲ್ಲ. ಬಣ್ಣಕ್ಕೊಂದು ಜಾಲರಿ ಚೌಕಟ್ಟು ಮಾಡಿದರೆ ಸಾವಿರ ಅಂಗಿ. ಡಿಜಿಟಲ್ ಮುದ್ರಣದಲ್ಲಿ ಅದೂ ಬೇಡ, ಕಡತ ಬದಲಿಸಿದರೆ ಸಾಕು. ಅದಕ್ಕೇ ಈ ತಿಂಗಳ ನಾಯಕ ಮುಂದಿನ ಜಾತ್ರೆಯ ಹೊತ್ತಿಗೆ ಹಳಬನಾಗುತ್ತಾನೆ.

ಇಲ್ಲಿಂದ ನನ್ನ ತಕರಾರುಗಳು ಶುರುವಾಗುತ್ತವೆ. ಮೊದಲನೆಯದು ಮೈಯದು. ಫೋಟೊದಂತೆ ಹೊಳೆಯುವ ಮುಖಗಳ ಅಚ್ಚು ಬಹುಮಟ್ಟಿಗೆ ಪಾಲಿಯೆಸ್ಟರ್ ಮೇಲೆ ಆಗುವಂಥದ್ದು. ಶಾಖಕ್ಕೆ ಆವಿಯಾಗಿ ಎಳೆಯೊಳಗೆ ಇಳಿಯುವ ಆ ಬಣ್ಣವನ್ನು ಹತ್ತಿ ಹಿಡಿದುಕೊಳ್ಳುವುದಿಲ್ಲ. ಹತ್ತಿಯ ಮೇಲೆ ಮಾಡುವ ದಪ್ಪ ರಬ್ಬರ್ ಪ್ರಿಂಟು ಎದೆಯ ಮೇಲೆ ಗಾಳಿಯಾಡದ ಹಲಗೆಯಂತೆ ಕೂರುತ್ತದೆ. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಏಪ್ರಿಲ್ ಬಿಸಿಲಲ್ಲಿ ಅಂಥ ಅಂಗಿಯೊಳಗಿನ ಮಗು ಬೆವರುಸಾಲೆ ಕೆರೆದುಕೊಳ್ಳುತ್ತಿರುತ್ತದೆ. ಹೆತ್ತವರು ಕಣ್ಣಿನಿಂದ ಆರಿಸುತ್ತಾರೆ, ಮಗು ಚರ್ಮದಿಂದ ತೊಡುತ್ತದೆ. ಅಜ್ಜಿಯ ಹಳೇ ಸೀರೆ ಚರ್ಮದ ಕಡೆಯಿಂದ ಮಾಡಿದ ಆಯ್ಕೆಯಾಗಿತ್ತು.

ಎರಡನೆಯ ತಕರಾರು ಅಕ್ಷರದ್ದು. ಮೊಳಕಾಲ್ಮುರು ಭಾಗದಲ್ಲಿ ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಬರೆಯುವ ಮಕ್ಕಳು ಅಪರೂಪವಲ್ಲ. ಅವರ ಅಂಗಿ ಮಾತಾಡುವುದು ಮೂರನೆಯ ಭಾಷೆ. ಕೊಂಡ ತಂದೆಗೂ ತೊಟ್ಟ ಮಗುವಿಗೂ ಅದರ ಅರ್ಥ ಗೊತ್ತಿರಬೇಕೆಂದಿಲ್ಲ. ಎಷ್ಟೋ ಅಂಗಿಗಳ ಇಂಗ್ಲಿಷಿಗೆ ಅರ್ಥವೇ ಇರುವುದಿಲ್ಲ, ಕಾಗುಣಿತವೂ ಸರಿ ಇರುವುದಿಲ್ಲ. ಅಲ್ಲಿ ಅಕ್ಷರ ಓದುವುದಕ್ಕಲ್ಲ, ಅದೊಂದು ಮಂಗಳದ ಗುರುತು. ಹಿಂದೆ ಮಾವಿನಕಾಯಿ ಮಾಡುತ್ತಿದ್ದ ಕೆಲಸವನ್ನು ಈಗ ಎಬಿಸಿಡಿ ಮಾಡುತ್ತಿದೆ.

ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನದ ಬಂಡೆ ಇದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ವಿದ್ವಾಂಸರ ಗಮನಕ್ಕೆ ತರುವ ಮೊದಲಿನಿಂದಲೂ ಸುತ್ತಲಿನ ಜನ ಅದನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಓದಲು ಬಾರದ ಅಕ್ಷರಕ್ಕೂ ಅವರು ಅಕ್ಷರವೆಂಬ ಮರ್ಯಾದೆ ಕೊಟ್ಟರು. ಆ ಬಂಡೆಯಲ್ಲಿ ಬರೆದಿರುವ ಮುಖ್ಯ ಮಾತುಗಳಲ್ಲಿ ಒಂದು, ತಾಯಿ ತಂದೆಯರ ಮಾತು ಕೇಳಬೇಕು ಎಂಬುದು. ಇವತ್ತು ಅದೇ ಸೀಮೆಯ ಮಗು ತಾಯಿ ತಂದೆಯರ ಮಾತು ಕೇಳಿ, ತನಗೆ ಓದಲು ಬಾರದ ಅಕ್ಷರವನ್ನು ಎದೆಯ ಮೇಲೆ ಹೊತ್ತಿದೆ. ಈ ತಂದೆತಾಯಿಯನ್ನು ನಗುವುದು ಸುಲಭ. ತಮಗೆ ದಕ್ಕದ ಇಂಗ್ಲಿಷು ಮಗುವಿಗೆ ದಕ್ಕಲಿ ಎಂಬ ಹರಕೆಯನ್ನು ಅವರು ಅಂಗಿಯ ಮೂಲಕ ಹೊತ್ತಿದ್ದಾರೆ. ನನ್ನ ತಕರಾರು ಹರಕೆಯ ಬಗ್ಗೆ ಅಲ್ಲ. ಅಂಗಿ ಸಿಕ್ಕಷ್ಟು ಸುಲಭವಾಗಿ ಒಳ್ಳೆಯ ಶಾಲೆ ಸಿಗುವುದಿಲ್ಲವಲ್ಲ ಎಂಬುದರ ಬಗ್ಗೆ.

ಚಳ್ಳಕೆರೆಯಲ್ಲಿ ಇದರ ಇನ್ನೊಂದು ರೂಪವಿದೆ. ನಾಯಕನಹಟ್ಟಿ ಕಡೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯಲ್ಲಿ ವಿಜ್ಞಾನ, ರಕ್ಷಣಾ ಸಂಸ್ಥೆಗಳು ಬಂದಿವೆ. ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು, ಇಸ್ರೋಗೂ ಭೂಮಿ ಕೊಡಲಾಗಿದೆ. ಕುರಿ ದನ ಮೇಯುತ್ತಿದ್ದ ಹುಲ್ಲುಗಾವಲಿಗೆ ಬೇಲಿ ಬಿತ್ತು. ಆ ಕುರಿಗಳ ಉಣ್ಣೆಯಿಂದಲೇ ಇಲ್ಲಿನ ಕಂಬಳಿ. ಈಗ ದೇಶದ ಎಲ್ಲ ಕಡೆಯಂತೆ ಇಲ್ಲೂ ಸಿಗುವ ಮಕ್ಕಳ ಅಂಗಿಯ ಮೇಲೆ ರಾಕೆಟ್ ಇರುತ್ತದೆ, ಪಕ್ಕದಲ್ಲಿ ‘ನಾಸಾ’ ಎಂದಿರುತ್ತದೆ. ರಾಕೆಟ್ಟಿನ ಸಂಸ್ಥೆ ಮನೆಯ ಹತ್ತಿರವೇ ಬಂದಿದೆ, ಅಂಗಿಯ ಮೇಲಿನ ಹೆಸರು ಮಾತ್ರ ಅಮೆರಿಕದ್ದು. ಆಟಿಕೆಗಳು ದೊಡ್ಡವರ ಲೋಕವನ್ನೇ ಚಿಕ್ಕದು ಮಾಡಿ, ಮಗು ಅದನ್ನು ಪ್ರಶ್ನಿಸದೆ ಒಪ್ಪಿಕೊಳ್ಳುವಂತೆ ಮಾಡುತ್ತವೆ ಎಂದು ರೋಲಾ ಬಾರ್ಥ್ 1957ರ ತನ್ನ ‘ಮಿಥಾಲಜೀಸ್’ನಲ್ಲಿ ಬರೆದ. ಸೈನಿಕರ ಮಚ್ಚೆಯ ಅಂಗಿ, ರಾಕೆಟ್ ಅಂಗಿಗಳಿಗೂ ಈ ಮಾತು ಸಲ್ಲುತ್ತದೆ. ಬೇಲಿಯೊಳಗೆ ಏನಿದೆ ಎಂದು ಕೇಳುವ ಮೊದಲೇ ಮಗು ಅದರ ಚಿಹ್ನೆಯನ್ನು ತೊಟ್ಟಿರುತ್ತದೆ.

ಮೂರನೆಯ ತಕರಾರು ಎಲ್ಲಕ್ಕಿಂತ ದೊಡ್ಡದು. ಗಂಡುಮಕ್ಕಳ ಅಂಗಿಯ ಚಿತ್ರಗಳು ಏನನ್ನಾದರೂ ಮಾಡುತ್ತಿರುತ್ತವೆ: ಹಾರುತ್ತವೆ, ಓಡುತ್ತವೆ, ಗುದ್ದುತ್ತವೆ. ಹೆಣ್ಣುಮಕ್ಕಳ ಅಂಗಿಯ ಚಿತ್ರಗಳು ಸುಮ್ಮನೆ ಚೆಂದವಾಗಿರುತ್ತವೆ. ವ್ಯಾಕರಣದಲ್ಲಿ ಹೇಳುವುದಾದರೆ ಗಂಡಿಗೆ ಕ್ರಿಯಾಪದ, ಹೆಣ್ಣಿಗೆ ವಿಶೇಷಣ. 1974ರಲ್ಲಿ ಜಪಾನಿನಲ್ಲಿ ಹುಟ್ಟಿ ಲೋಕದ ಹೆಣ್ಣುಮಕ್ಕಳ ಅಂಗಿಯನ್ನೆಲ್ಲ ಆವರಿಸಿದ ಹಲೋ ಕಿಟ್ಟಿ ಎಂಬ ಬೋ ಕಟ್ಟಿದ ಬೆಕ್ಕಿಗೆ ಬಾಯಿಯೇ ಇಲ್ಲ. ನೋಡುವವರು ತಮ್ಮ ಭಾವವನ್ನು ಅದರ ಮೇಲೆ ಹೊರಿಸಿಕೊಳ್ಳಲಿ ಎಂಬುದು ಅದನ್ನು ಮಾಡಿದವರ ಸಮರ್ಥನೆ. ಅದು ಜಾಣ ಉತ್ತರ. ಆದರೆ ಮಾತು ಕಲಿಯುವ ವಯಸ್ಸಿನ ಹುಡುಗಿಯ ಎದೆಯ ಮೇಲೆ ಬಾಯಿಲ್ಲದ ಮುಖವೇ ಯಾಕೆ ಇಷ್ಟು ಇಷ್ಟವಾಯಿತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಇದು ಪ್ರಕೃತಿಯ ನಿಯಮವೂ ಅಲ್ಲ, ನಮ್ಮ ಪರಂಪರೆಯೂ ಅಲ್ಲ. 1918ರಲ್ಲಿ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರ ಪತ್ರಿಕೆಯೊಂದು ಗಂಡುಮಕ್ಕಳಿಗೆ ಗುಲಾಬಿ, ಹೆಣ್ಣುಮಕ್ಕಳಿಗೆ ನೀಲಿ ಒಪ್ಪುತ್ತದೆ ಎಂದು ಸಲಹೆ ಕೊಟ್ಟಿತ್ತು. ನಮ್ಮಲ್ಲಿ ಹಳೇ ಸೀರೆಯ ತುಂಡಿಗೆ ಗಂಡು ಹೆಣ್ಣು ಇರಲಿಲ್ಲ. ಕುಲಾವಿಯನ್ನು ಅಣ್ಣನಿಂದ ತಂಗಿಗೆ, ತಂಗಿಯಿಂದ ಚಿಕ್ಕಮ್ಮನ ಮಗನಿಗೆ ದಾಟಿಸುತ್ತಿದ್ದರು. ಹಳೆಯ ಕಾಲ ಹೆಣ್ಣುಮಕ್ಕಳಿಗೆ ನ್ಯಾಯವಾಗಿತ್ತೆಂದು ಇದರರ್ಥವಲ್ಲ. ಗಂಡು ಹೆಣ್ಣಿನ ಭೇದ ಆಗ ಅನ್ನದ ತಟ್ಟೆಯಲ್ಲಿತ್ತು, ಶಾಲೆಯ ಬಾಗಿಲಲ್ಲಿತ್ತು. ಈಗ ಅದು ಮೂರು ತಿಂಗಳ ಕೂಸಿನ ಅಂಗಿಗೂ ಬಂದಿದೆ. ವ್ಯಾಪಾರಕ್ಕೆ ಇದರಿಂದ ಲಾಭವಿದೆ: ಅಣ್ಣನ ಬಟ್ಟೆ ತಂಗಿಗೆ ಆಗದಿದ್ದರೆ ಎರಡು ಸಲ ಕೊಳ್ಳಬೇಕು.

‘ಪ್ರಿನ್ಸೆಸ್’ ಎಂಬ ಹೊಗಳಿಕೆಗೆ ಆಯಸ್ಸೂ ಕಡಿಮೆ. ಹುಡುಗಿ ಹತ್ತು ಹನ್ನೆರಡು ದಾಟುತ್ತಿದ್ದಂತೆ ಕಿರೀಟ, ಬೆಕ್ಕು ಮಾಯವಾಗಿ ಯಾರ ಕಣ್ಣಿಗೂ ಬೀಳದ ಸಣ್ಣ ಹೂವಿನ ಚೂಡಿದಾರ ಬರುತ್ತದೆ. ಅದೇ ವಯಸ್ಸಿನ ಹುಡುಗನ ಅಂಗಿಯ ಮೇಲೆ ಹುಲಿಯೋ ಬೈಕೋ ಇನ್ನೂ ದೊಡ್ಡದಾಗುತ್ತದೆ. ಮಗು ಉಳಿಯುತ್ತದೆಂಬ ಧೈರ್ಯ ಇಬ್ಬರಿಗೂ ಬಂತು. ಮುಂದೆ ಏನಾಗುತ್ತದೆಂಬ ಧೈರ್ಯ ಮಾತ್ರ ಒಬ್ಬನಿಗೆ ಹೆಚ್ಚು, ಒಬ್ಬಳಿಗೆ ಕಡಿಮೆ.

ಹಾಗಾದರೆ ಮಗುವಿಗೆ ಒಳ್ಳೆಯ ಚಿತ್ತಾರ ಯಾವುದು? ನವಿಲೋ ಜೇಡನೋ ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ರೇಷ್ಮೆ ಲಂಗ ಹೊಲಿಸುವಾಗ ಈ ಕಡೆಯ ತಾಯಂದಿರು ಮಾಡಿಸುತ್ತಿದ್ದ ಒಂದು ಉಪಾಯ ನನಗೆ ಚಿತ್ತಾರಕ್ಕಿಂತ ಮುಖ್ಯವೆನಿಸುತ್ತದೆ. ಬಟ್ಟೆಯನ್ನು ಉದ್ದ ಕೊಂಡು, ಹೆಚ್ಚಿನದನ್ನು ಒಳಗೆ ಮಡಚಿ ಹೊಲಿಸುತ್ತಿದ್ದರು. ಮಗಳು ಬೆಳೆದಂತೆ ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದರು. ಬಿಚ್ಚಿದ ಕಡೆ ಬಣ್ಣ ಸ್ವಲ್ಪ ಗಾಢವಾಗಿ ಅಡ್ಡಗೆರೆ ಉಳಿಯುತ್ತಿತ್ತು. ದುಡ್ಡು ಉಳಿಸಲು ಮಾಡಿದ ಕೆಲಸ ಅದು. ಆದರೆ ಮಗು ಎಷ್ಟು ಎತ್ತರವಾಗುತ್ತದೋ ನಮಗೆ ಗೊತ್ತಿಲ್ಲ, ಅದಕ್ಕೆ ಜಾಗ ಬಿಟ್ಟಿದ್ದೇವೆ ಎಂಬ ಒಪ್ಪಿಗೆಯೂ ಅದರಲ್ಲಿತ್ತು. ‘ಪ್ರಿನ್ಸೆಸ್’ ಅಂಗಿಯಲ್ಲಿ ಅಂಥ ಮಡಿಕೆ ಇಲ್ಲ. ಅದು ಮಗುವಿನ ಬಗ್ಗೆ ಹೇಳಬೇಕಾದ್ದನ್ನೆಲ್ಲ ಮೊದಲ ದಿನವೇ ಹೇಳಿ ಮುಗಿಸಿರುತ್ತದೆ.

ಅಂಗಡಿಯ ಮೂರು ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಬಹುದು, ಅದನ್ನು ಮಗುವಿಗೇ ಕೇಳಬೇಕು: ನಿನಗೆ ಯಾವುದು ಬೇಕು? ಮೂರು ವರ್ಷದ ಮಗುವಿಗೂ ಇದಕ್ಕೆ ಉತ್ತರ ಗೊತ್ತಿರುತ್ತದೆ. ಅದು ಆರಿಸಿದ್ದು ನಮಗೆ ಚೆಂದ ಕಾಣದಿರಬಹುದು. ಹುಡುಗ ಚಿಟ್ಟೆ ಕೇಳಬಹುದು, ಹುಡುಗಿ ಡೈನೋಸಾರು ಕೇಳಬಹುದು, ಇಬ್ಬರೂ ಏನೂ ಇಲ್ಲದ ಹಳದಿ ಅಂಗಿಯನ್ನು ಹಿಡಿದು ಬಿಡದಿರಬಹುದು. ಅಂಗಡಿಯವನು ‘ಅದು ಗಂಡುಮಕ್ಕಳದ್ದು’ ಎಂದಾಗ ‘ಇರಲಿ, ಅವಳಳತೆ ನೋಡಿ ಕೊಡಿ’ ಎನ್ನುವುದಕ್ಕೆ ಹೆತ್ತವರಿಗೆ ಸ್ವಲ್ಪ ಧೈರ್ಯ ಬೇಕು. ಮಗು ಉಳಿಯುತ್ತದೆಂದು ನಂಬುವುದಕ್ಕೆ ಬೇಕಾದ ಧೈರ್ಯಕ್ಕೆ ಹೋಲಿಸಿದರೆ ಇದು ತೀರಾ ಚಿಕ್ಕದು.